ಎಸೆತಗಾರನ ಮೊಣಕೈ

ಮಾನವನ ಮೊಣಕೈ ನೋಟಕ್ಕೆ ಬಾಗಿಲಿನ ಬಿಜಾಗರಿಯಂತೆ ಸರಳವಾದ ಕೀಲು. ಅದು ಪಕ್ಕಕ್ಕೆ ಸರಿಯದಂತೆ, ತೋಳಿನ ಮೂಳೆಯನ್ನು ಮುಂಗೈ ಮೂಳೆಗೆ ಬಿಗಿದಿರುವ ಅಸ್ಥಿರಜ್ಜುವೊಂದು ಒಳಮಗ್ಗುಲಿನಲ್ಲಿ ಉಂಟು. ನಿತ್ಯದ ಕೆಲಸಗಳಲ್ಲಿ ಇದರ ಮೇಲೆ ಹೆಚ್ಚಿನ ಭಾರ ಬೀಳದು. ಆದರೆ ಚೆಂಡನ್ನೋ ಭರ್ಜಿಯನ್ನೋ ಭುಜದ ಮೇಲಿನಿಂದ ಬಲವಾಗಿ ಎಸೆಯುವಾಗ ಕೀಲಿನ ಒಳಮಗ್ಗುಲು ಬಾಯ್ದೆರೆಯುವಂತೆ ಜಗ್ಗುತ್ತದೆ. ಸಾವಿರಾರು ಬಾರಿ ಹೀಗಾದರೆ ರಜ್ಜು ನಾರುನಾರಾಗಿ ಸವೆದು, ಒಂದು ದಿನ ಹರಿಯುತ್ತದೆ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಈ ಗಾಯವೆಂದರೆ ಎಸೆತಗಾರನ ಆಟ ಮುಗಿದಂತೆಯೇ ಎಂಬ ಭಾವನೆ ಬಹುಕಾಲ ಇತ್ತು. 1974ರ ಜುಲೈನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಎಸೆತಗಾರ ಟಾಮಿ ಜಾನ್ ಅವರಿಗೂ ಇದೇ ಒದಗಿತು. ತಂಡದ ವೈದ್ಯರಾದ ಡಾ. ಫ್ರಾಂಕ್ ಜೋಬ್ ಅವರು ಸೆಪ್ಟೆಂಬರ್ 25ರಂದು ಹೊಸದೊಂದು ಶಸ್ತ್ರಕ್ರಿಯೆಗೆ ಕೈಹಾಕಿದರು. ಹರಿದುದನ್ನು ಹೊಲಿದು ಸುಮ್ಮನಾಗಲಿಲ್ಲ. ಬಲ ಮುಂಗೈಯಿಂದ ತೆಳುವಾದ ಸ್ನಾಯುರಜ್ಜುವೊಂದನ್ನು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ರಂಧ್ರಗಳನ್ನು ಕೊರೆದು, ಅವುಗಳ ಮೂಲಕ ಅದನ್ನು ಪೋಣಿಸಿ ಬಿಗಿದರು. ಈ ಸ್ನಾಯುರಜ್ಜು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ತೆಗೆದರೂ ಕೈಯ ಹಿಡಿತಕ್ಕೆ ಹೇಳಿಕೊಳ್ಳುವಂತಹ ಕೊರತೆಯಾಗದು. ಆಯ್ಕೆಯ ಜಾಣ್ಮೆ ಇರುವುದು ಇಲ್ಲಿಯೇ. ಆದರೂ ಯಶಸ್ಸಿನ ಸಂಭವ ನೂರಕ್ಕೆ ಒಂದೆಂದು ಜೋಬ್ ಎಣಿಸಿದ್ದರು.

ಅವರ ಅಂಜಿಕೆ ನಿರಾಧಾರವಾಗಿರಲಿಲ್ಲ. ಕಿರುಬೆರಳಿನತ್ತ ಸಾಗುವ ನರವು ಘಾಸಿಗೊಂಡು, ಅದೇ ಡಿಸೆಂಬರಿನಲ್ಲಿ ಮತ್ತೊಂದು ಶಸ್ತ್ರಕ್ರಿಯೆ ನಡೆಯಬೇಕಾಯಿತು. 1975 ಪೂರ್ತಿ ಚೇತರಿಕೆಯಲ್ಲಿಯೇ ಕಳೆಯಿತು. ಕಸಿಮಾಡಿದ ಸ್ನಾಯುರಜ್ಜುವಿನೊಳಗೆ ಹೊಸ ರಕ್ತನಾಳಗಳು ಬೆಳೆದು, ಅದು ಕ್ರಮೇಣ ಅಸ್ಥಿರಜ್ಜುವಿನ ಗುಣವನ್ನು ಪಡೆಯಬೇಕು. ಅವಸರಕ್ಕೆ ಅಲ್ಲಿ ಎಡೆಯಿಲ್ಲ. 1976ರಲ್ಲಿ ಜಾನ್ ಕಣಕ್ಕೆ ಮರಳಿದರು, 1989ರವರೆಗೆ ಆಡಿದರು. ಅವರ 288 ಗೆಲುವುಗಳಲ್ಲಿ 164 ಶಸ್ತ್ರಕ್ರಿಯೆಯ ನಂತರದವು. ಆ ಶಸ್ತ್ರಕ್ರಿಯೆಗೆ ಇಂದು ವೈದ್ಯನ ಹೆಸರಿಲ್ಲ, ರೋಗಿಯ ಹೆಸರಿದೆ!

1986ರಲ್ಲಿ ಜೋಬ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಂತೆ 16 ಕ್ರೀಡಾಪಟುಗಳಲ್ಲಿ 10 ಮಂದಿ ಹಿಂದಿನ ಮಟ್ಟಕ್ಕೆ ಮರಳಿದ್ದರು. ವಿಧಾನ ಸುಧಾರಿಸಿದಂತೆ ಈ ಪ್ರಮಾಣವೂ ಬಹಳ ಏರಿತು. ಏರಿಕೆಯ ಜೊತೆಗೆ ಒಂದು ಭ್ರಮೆಯೂ ಹುಟ್ಟಿತು: ಶಸ್ತ್ರಕ್ರಿಯೆಯಾದರೆ ತೋಳು ಮೊದಲಿಗಿಂತಲೂ ಬಲವಾಗುತ್ತದೆಯೆಂದು ಕೆಲವು ತಂದೆತಾಯಿಗಳೂ ತರಬೇತುದಾರರೂ ನಂಬತೊಡಗಿದರು. ಇದಕ್ಕೆ ಆಧಾರವಿಲ್ಲ. ಮರಳಿದವರ ವೇಗಕ್ಕೆ ದೀರ್ಘ ವ್ಯಾಯಾಮವೂ ವಿಶ್ರಾಂತಿಯೂ ಕಾರಣ. ಮರಳಲಾಗದವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಇನ್ನೂ ಬೆಳೆಯುತ್ತಿರುವ ಮೈಯುಳ್ಳ ಹುಡುಗರೇ ಇಂದು ಈ ಶಸ್ತ್ರಕ್ರಿಯೆಗೆ ಹೆಚ್ಚಾಗಿ ಬರುತ್ತಿರುವುದು ವೈದ್ಯರ ಚಿಂತೆಯಾಗಿದೆ. ಆದುದರಿಂದಲೇ ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳು 2014ರಲ್ಲಿ ವಯೋಮಾನಕ್ಕನುಗುಣವಾದ ಮಿತಿಗಳನ್ನು ಪ್ರಕಟಿಸಿದವು: 11–12 ವರ್ಷದವರಿಗೆ ದಿನಕ್ಕೆ 85 ಎಸೆತ, 66ನ್ನು ಮುಟ್ಟಿದರೆ ಮುಂದೆ ನಾಲ್ಕು ದಿನ ಎಸೆಯುವಂತಿಲ್ಲ.