ದಂತಕ್ಷಯ : ಆಹಾರ ಮತ್ತು ಶುಚಿತ್ವ

ಹಲ್ಲು ಕೊರೆದು ನೋಯತೊಡಗಿದರೆ ‘ಹುಳ ಬಿದ್ದಿದೆ’ ಎನ್ನುವುದು ಕನ್ನಡ ನಾಡಿನ ರೂಢಿ. ‘ಹುಳುಕು’ ಎಂಬ ಮಾತಿನಲ್ಲಿಯೂ ಆ ಹುಳುವೇ ಅಡಗಿ ಕುಳಿತಿದೆ. ಪ್ರಾಚೀನ ಬ್ಯಾಬಿಲೋನಿಯದ ಜನರ ನಂಬಿಕೆಯೂ ಇದೇ ಆಗಿದ್ದಿತು. ಆದರೆ ಕಣ್ಣಿಗೆ ಕಾಣುವಂಥ ಹುಳು ಯಾವ ಹಲ್ಲಿನಲ್ಲಿಯೂ ಇಲ್ಲ. ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್ ಎಂಬ ದಂತವಿಜ್ಞಾನಿ 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ನಿಜವಾದ ಕಾರಣವನ್ನು ತೋರಿಸಿಕೊಟ್ಟನು. ಬಾಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಆಹಾರದಲ್ಲಿರುವ ಪಿಷ್ಟ, ಸಕ್ಕರೆಗಳನ್ನು ಹುಳಿಯಿಸಿ ಆಮ್ಲವನ್ನು ಉತ್ಪಾದಿಸುತ್ತವೆ. ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ.

ಹಲ್ಲಿನ ಹೊರಕವಚವಾದ ಎನಾಮೆಲ್ ಮಾನವಶರೀರದಲ್ಲಿಯೇ ಅತ್ಯಂತ ಕಠಿಣವಾದ ವಸ್ತು. ಆದರೂ ಬಾಯಲ್ಲಿಯ ಪಿ.ಎಚ್. ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದರ ಖನಿಜಾಂಶ ಕರಗತೊಡಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಈ ಸ್ಥಿತಿ ಬರುತ್ತದೆ. ಜೊಲ್ಲು ಆಮ್ಲವನ್ನು ತೊಳೆದು ಖನಿಜವನ್ನು ಮರಳಿ ತುಂಬಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ಹೀಗೆ ದಿನವಿಡೀ ಕರಗುವ ಮತ್ತು ತುಂಬುವ ಕ್ರಿಯೆಗಳು ನಡೆದೇ ಇರುತ್ತವೆ. ಕರಗುವುದೇ ಮೇಲುಗೈಯಾದರೆ ಮೊದಲು ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಕಲೆ ಮೂಡುತ್ತದೆ. ಆ ಹಂತದಲ್ಲಿ ಎಚ್ಚತ್ತರೆ ಹಲ್ಲು ಚೇತರಿಸಿಕೊಳ್ಳಬಲ್ಲುದು. ಕುಳಿ ಬಿದ್ದ ಮೇಲೆ ತುಂಬಿಸದೆ ಗತ್ಯಂತರವಿಲ್ಲ.

ಸಿಹಿಯನ್ನು ಎಷ್ಟು ತಿಂದರು ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಮಿಗಿಲಾಗಿ, ಎಷ್ಟು ಸಲ ತಿಂದರು ಎಂಬುದು ಮುಖ್ಯ. ಇದು ಸ್ಪಷ್ಟವಾದುದು ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, 1945ರಿಂದ ಮುಂದಿನ ಕೆಲವು ವರ್ಷಗಳಲ್ಲಿ ನಡೆದ ಪ್ರಯೋಗದಿಂದ. ಊಟದೊಡನೆ ಸಕ್ಕರೆ ಪಡೆದವರಲ್ಲಿ ಹುಳುಕು ಹೆಚ್ಚಿದುದು ಅತ್ಯಲ್ಪ. ಊಟಗಳ ನಡುವೆ ದಿನಕ್ಕೆ 24ರವರೆಗೆ ಅಂಟು ಟಾಫಿಗಳನ್ನು ತಿಂದವರ ಹಲ್ಲುಗಳಾದರೋ ಹಾಳಾಗಿಹೋದವು. ಟಾಫಿ ನಿಲ್ಲಿಸಿದಾಗ ಹೊಸ ಹುಳುಕೂ ತಗ್ಗಿತು. ಜಗತ್ತಿಗೆ ಬಹು ದೊಡ್ಡ ಪಾಠವೇನೋ ದೊರೆಯಿತು. ಆದರೆ ಅದರ ಬೆಲೆಯನ್ನು ತೆತ್ತವರು ಬುದ್ಧಿಮಾಂದ್ಯರಾದ, ಒಪ್ಪಿಗೆಯನ್ನೂ ಕೇಳಿಸಿಕೊಳ್ಳದ ರೋಗಿಗಳು. ಈ ಜ್ಞಾನವನ್ನು ಬಳಸುವವರು ಅವರನ್ನು ಮರೆಯುವುದು ನ್ಯಾಯವಲ್ಲ. ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ ಎಂಬ ರೂಢಿ ಆ ದೇಶದಲ್ಲಿ ಬೆಳೆದುದು ಈ ಪ್ರಯೋಗದ ತರುವಾಯವೇ.

ಇದರಿಂದ ಹಬ್ಬದ ಹೋಳಿಗೆಗೆ ಆತಂಕವೇನೂ ಇಲ್ಲ. ಊಟದೊಡನೆ ತಿಂದ ಸಿಹಿ ಊಟದೊಡನೆಯೇ ಮುಗಿಯುತ್ತದೆ. ಅಪಾಯವಿರುವುದು ಕಿಸೆಯಲ್ಲಿಟ್ಟುಕೊಂಡು ಗಂಟೆಗೊಮ್ಮೆ ಚೀಪುವ ಪೆಪ್ಪರಮಿಂಟಿನಲ್ಲಿ, ಹಲ್ಲಿನ ಸಂದಿಗೆ ಅಂಟುವ ಬಿಸ್ಕತ್ತಿನಲ್ಲಿ, ಮತ್ತೆ ಮತ್ತೆ ಕುಡಿಯುವ ಸಕ್ಕರೆ ಚಹಾದಲ್ಲಿ. ಬೆಲ್ಲ ನಿರಪಾಯವೆಂದು ನಂಬುವವರುಂಟು. ಹಲ್ಲಿನ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ಶಾಲೆಗೆ ಬಂದ ಅತಿಥಿಗಳು ಪ್ರೀತಿಯಿಂದ ಚಾಕಲೇಟು ಹಂಚುವುದುಂಟು. ಅದನ್ನು ಊಟದ ಹೊತ್ತಿಗೆ ಹಂಚಿದರೆ, ಇಲ್ಲವೇ ಬದಲಿಗೆ ಹುರಿದ ಶೇಂಗಾ, ಪೇರಲ, ಸೌತೆಕಾಯಿ ಕೊಟ್ಟರೆ, ಪ್ರೀತಿಗೂ ಕುಂದಿಲ್ಲ, ಹಲ್ಲಿಗೂ ಕೇಡಿಲ್ಲ. ಹಸುಳೆಯ ಬಾಯಲ್ಲಿ ಸಿಹಿ ಹಾಲಿನ ಬಾಟಲಿಯಿಟ್ಟು ಮಲಗಿಸುವುದಂತೂ ಸರ್ವಥಾ ಸಲ್ಲದು. ನಿದ್ರೆಯಲ್ಲಿ ಜೊಲ್ಲಿನ ಸ್ರಾವ ತೀರ ಕಡಿಮೆ.

ಇದೇ ಕಾರಣದಿಂದ ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವುದು ಅತ್ಯಾವಶ್ಯಕ. ಮುಂಜಾನೆ ಮಾತ್ರ ಉಜ್ಜುವ ವಾಡಿಕೆ ಮನೆಮನೆಯಲ್ಲಿದೆ. ರಾತ್ರಿಯೂ ಉಜ್ಜುವವರು ವಿರಳ. ಇದ್ದಿಲು, ಇಟ್ಟಿಗೆಪುಡಿಗಳು ಎನಾಮೆಲನ್ನು ಸವೆಸುತ್ತವೆ. ಬೇವಿನ ಕಡ್ಡಿ ಕೊಳೆ ತೆಗೆಯಬಲ್ಲುದಾದರೂ ಫ್ಲೋರೈಡನ್ನು ಒದಗಿಸಲಾರದು. ಫ್ಲೋರೈಡುಳ್ಳ ಪೇಸ್ಟನ್ನು 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಹಚ್ಚಿದರೆ ಸಾಕು. ಉಜ್ಜಿ ಉಗುಳಬೇಕು, ನುಂಗಬಾರದು. ಕೂಡಲೇ ನೀರಿನಿಂದ ಬಹಳ ಮುಕ್ಕಳಿಸಲೂಬಾರದು.

ಫ್ಲೋರೈಡ್ ಮಿತಿಮೀರಿದರೆ ಅದೇ ಕೇಡು. ಕೋಲಾರ, ಪಾವಗಡ, ಮುಂಡರಗಿ ಭಾಗಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಅಲ್ಲಿಯ ಮಕ್ಕಳ ಹಲ್ಲಿನ ಕಂದು ಪಟ್ಟೆ ಹುಳುಕೂ ಅಲ್ಲ, ಕೊಳೆಯೂ ಅಲ್ಲ. ಉಜ್ಜಿಲ್ಲವೆಂದು ಅಂಥ ಮಗುವನ್ನು ತರಗತಿಯಲ್ಲಿ ಗದರಿಸುವುದು ಅನ್ಯಾಯ. ಆ ಊರಿಗೆ ಬೇಕಾದುದು ಬೇರೆ ನೀರು.

ಶಿಕ್ಷಕರು ವಿಶೇಷವಾಗಿ ಗಮನಿಸತಕ್ಕ ಹಲ್ಲೊಂದಿದೆ. ಸುಮಾರು 6ನೆಯ ವಯಸ್ಸಿಗೆ, ಮಗು ಒಂದನೆಯ ಇಯತ್ತೆಗೆ ಬರುವ ಹೊತ್ತಿನಲ್ಲಿ, ಹಾಲುಹಲ್ಲುಗಳ ಸಾಲಿನ ಹಿಂದೆ ದೊಡ್ಡ ದವಡೆಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಬಂದುದರಿಂದ ಅದನ್ನೂ ಹಾಲುಹಲ್ಲೆಂದೇ ತಂದೆತಾಯಿಗಳು ಬಗೆಯುತ್ತಾರೆ; ಹುಳುಕಾದರೆ ‘ಬಿದ್ದು ಬೇರೆ ಬರುತ್ತದೆ’ ಎಂದು ಸುಮ್ಮನಾಗುತ್ತಾರೆ. ಅದು ಬಿದ್ದರೆ ಬೇರೆ ಬರುವುದಿಲ್ಲ. ಆಳವಾದ ಗೀರುಗಳುಳ್ಳ ಆ ಹಲ್ಲಿನ ಮೇಲ್ಮೈಗೆ ದಂತವೈದ್ಯರು ತೆಳುವಾದ ರಕ್ಷಾಲೇಪವನ್ನು ಹಚ್ಚಬಲ್ಲರು, ನೋವಿಲ್ಲ, ಕೊರೆಯಬೇಕಾಗಿಲ್ಲ. ಶಾಲೆಗಳಲ್ಲಿ ನಡೆಯುವ ದಂತ ತಪಾಸಣಾ ಶಿಬಿರಗಳಲ್ಲಿ ಒಂದು ಮತ್ತು ಎರಡನೆಯ ಇಯತ್ತೆಯ ಮಕ್ಕಳನ್ನು ಮೊದಲ ಸಾಲಿನಲ್ಲಿ ಕೂರಿಸುವುದು ಲೇಸು.