ಅಂಗಳದ ನಲ್ಲಿಯಲ್ಲಿ ನೀರಿನ ಹರಿವು ಕುಗ್ಗಿದಾಗ: ಕಾರಣದ ಪತ್ತೆ ಮತ್ತು ಪರಿಹಾರ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ
ವಿಷಯ: ಗ್ರಾಮೀಣ ಕುಡಿಯುವ ನೀರು



"ನಲ್ಲಿ ಇದೆ, ನೀರು ಮಾತ್ರ ನೂಲಿನಂತೆ ಬರುತ್ತದೆ" ಎಂಬ ದೂರನ್ನು ಕೇಳದ ಸದಸ್ಯರು ಬಹುಶಃ ಇರಲಾರರು. ದೂರು ಬಂದೊಡನೆ ನೀರಗಂಟಿಯನ್ನು ಕರೆದು ಗದರಿಸುವುದು ಅಥವಾ ಹೊಸ ನಲ್ಲಿ ಹಾಕಿಸಿಕೊಳ್ಳಿ ಎಂದು ಮನೆಯವರಿಗೆ ಹೇಳಿ ಕಳುಹಿಸುವುದು ವಾಡಿಕೆಯಾಗಿದೆ. ಇವೆರಡೂ ಕಾರಣವನ್ನು ತಿಳಿಯದೆ ನೀಡುವ ಉತ್ತರಗಳು. ದೋಷವು ನಲ್ಲಿಯಲ್ಲಿದೆಯೋ, ಮನೆಯ ಕೊಳವೆಯಲ್ಲಿದೆಯೋ, ಬೀದಿಯ ಕೊಳವೆಯಲ್ಲಿದೆಯೋ ಎಂಬುದನ್ನು ಒಂದು ಬಕೆಟ್ ಮತ್ತು ಒಂದು ಗಡಿಯಾರದ ಸಹಾಯದಿಂದ ಬಹುಮಟ್ಟಿಗೆ ನಿರ್ಣಯಿಸಬಹುದು. ಆ ಕ್ರಮವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಈ ವಿಷಯ ಏಕೆ ಮುಖ್ಯ?

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಕುಡಿಯುವ ನೀರೂ ಸೇರಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ "ಮನೆ ಮನೆಗೆ ಗಂಗೆ" ಎಂಬ ಹೆಸರಿನಿಂದಲೂ ಪರಿಚಿತವಾಗಿದೆ. ಅದರ ಗುರಿ ನಲ್ಲಿಯನ್ನು ನೆಡುವುದಷ್ಟೇ ಅಲ್ಲ. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್‌ನಂತೆ ಶುದ್ಧ ನೀರು ನಿಯಮಿತವಾಗಿ ದೊರೆಯುವ ಕಾರ್ಯನಿರತ ಸಂಪರ್ಕವನ್ನು ಒದಗಿಸುವುದು.

ಐದು ಜನರ ಕುಟುಂಬಕ್ಕೆ ಈ ಲೆಕ್ಕದಲ್ಲಿ ದಿನಕ್ಕೆ 275 ಲೀಟರ್ ನೀರು ಬೇಕು. ನಲ್ಲಿಯಿಂದ ನಿಮಿಷಕ್ಕೆ 5 ಲೀಟರ್ ಬಂದರೆ 55 ನಿಮಿಷಗಳಲ್ಲಿ ಅಷ್ಟು ನೀರು ತುಂಬುತ್ತದೆ. ನಿಮಿಷಕ್ಕೆ ಒಂದೂವರೆ ಲೀಟರ್ ಮಾತ್ರ ಬಂದರೆ ಮೂರು ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತದೆ. ನೀರು ಬಿಡುವುದೇ ದಿನಕ್ಕೆ ಒಂದು ಗಂಟೆಯಾದರೆ ಆ ಕುಟುಂಬಕ್ಕೆ ಸಿಗುವುದು 90 ಲೀಟರ್. ಅಂದರೆ ತಲೆಗೆ 18 ಲೀಟರ್. ದಾಖಲೆಯಲ್ಲಿ ಆ ಮನೆಗೆ ಸಂಪರ್ಕವಿದೆ. ವಾಸ್ತವದಲ್ಲಿ ಆ ಮನೆಯ ಹೆಣ್ಣುಮಕ್ಕಳು ಕೊಡ ಹಿಡಿದು ದೂರದ ಕೈಪಂಪಿಗೆ ನಡೆಯುತ್ತಲೇ ಇರುತ್ತಾರೆ.

2. ಮೊದಲು ಅಳೆಯಿರಿ, ಅನಂತರ ಮಾತನಾಡಿರಿ

ಅಳತೆ ಗೊತ್ತಿರುವ 15 ಲೀಟರ್ ಬಕೆಟ್ ಒಂದನ್ನು ತೆಗೆದುಕೊಳ್ಳಿ. ನೀರು ಬಿಟ್ಟು ಸುಮಾರು ಹದಿನೈದು ನಿಮಿಷ ಕಳೆದು, ಹರಿವು ಸ್ಥಿರವಾದ ಮೇಲೆ, ನಲ್ಲಿಯನ್ನು ಪೂರ್ಣ ತಿರುಗಿಸಿ ಬಕೆಟ್ ತುಂಬಲು ಎಷ್ಟು ಸಮಯವಾಯಿತೆಂದು ಬರೆದುಕೊಳ್ಳಿ. ಮೂರು ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 5 ಲೀಟರ್ ಎಂದಾಯಿತು. ನೀರು ಬಿಟ್ಟ ಕೂಡಲೇ ಅಳೆಯಬಾರದು. ಆಗ ಕೊಳವೆಗಳು ಇನ್ನೂ ತುಂಬುತ್ತಿರುತ್ತವೆ, ಒಳಗಿನ ಗಾಳಿ ಹೊರಬರುತ್ತಿರುತ್ತದೆ.

ಇದೇ ಅಳತೆಯನ್ನು ಅಕ್ಕಪಕ್ಕದ ಮನೆಗಳಲ್ಲಿಯೂ, ಓಣಿಯ ಮೊದಲ ಮತ್ತು ಕೊನೆಯ ಮನೆಗಳಲ್ಲಿಯೂ ಮಾಡಬೇಕು. ಜೊತೆಗೆ ಮನೆಯವರನ್ನು ಎರಡು ಪ್ರಶ್ನೆ ಕೇಳಬೇಕು: ಹರಿವು ಎಂದಿನಿಂದ ಕಡಿಮೆಯಾಯಿತು? ಒಮ್ಮೆಲೇ ಕಡಿಮೆಯಾಯಿತೋ, ಕ್ರಮೇಣವೋ?

ಉತ್ತರಗಳನ್ನು ಹೀಗೆ ಅರ್ಥೈಸಬಹುದು:

ಅ) ಒಂದೇ ಮನೆಯಲ್ಲಿ ತೊಂದರೆ: ದೋಷವು ಆ ಮನೆಯ ನಲ್ಲಿ, ಮೀಟರ್ ಅಥವಾ ಮನೆಸಂಪರ್ಕದ ಕೊಳವೆಯಲ್ಲಿದೆ.
ಆ) ಓಣಿಯಲ್ಲಿ ಒಂದು ಮನೆಯಿಂದ ಮುಂದಕ್ಕೆ ಎಲ್ಲ ಮನೆಗಳಲ್ಲಿ ತೊಂದರೆ: ಆ ಸ್ಥಳದ ಸಮೀಪ ಬೀದಿಯ ಕೊಳವೆ ಸೋರುತ್ತಿದೆ, ಕಟ್ಟಿಕೊಂಡಿದೆ, ವಾಲ್ವ್ ಅರ್ಧ ಮುಚ್ಚಿದೆ ಅಥವಾ ಯಾರೋ ಮೋಟಾರಿನಿಂದ ನೀರು ಎಳೆಯುತ್ತಿದ್ದಾರೆ.
ಇ) ಇಡೀ ಊರಿನಲ್ಲಿ ತೊಂದರೆ: ಟ್ಯಾಂಕ್ ತುಂಬುತ್ತಿಲ್ಲ, ಪಂಪ್ ಅಥವಾ ವಿದ್ಯುತ್ತಿನ ಅಡಚಣೆ ಇದೆ, ಇಲ್ಲವೇ ಕೊಳವೆಬಾವಿಯ ಇಳುವರಿ ಕುಸಿದಿದೆ.
ಈ) ಒಮ್ಮೆಲೇ ಕಡಿಮೆಯಾಗಿದ್ದರೆ ಒಡಕು, ಮರಳು ಅಥವಾ ವಾಲ್ವ್ ಕಾರಣವಿರಬಹುದು, ತಿಂಗಳುಗಳ ಅವಧಿಯಲ್ಲಿ ಕುಗ್ಗಿದ್ದರೆ ತುಕ್ಕು ಅಥವಾ ಸುಣ್ಣದ ಪೊರೆ ಕಾರಣವಿರಬಹುದು.

3. ಮನೆಯೊಳಗಿನ ದೋಷ: ನಲ್ಲಿಯೋ, ಕೊಳವೆಯೋ?

ಇದನ್ನು ತಿಳಿಯಲು ನಲ್ಲಿಯನ್ನು ಕಳಚಿ ನೋಡುವುದೇ ನೇರ ಮಾರ್ಗ. ನೀರು ಬಾರದ ವೇಳೆಯಲ್ಲಿ, ಅಥವಾ ಮನೆಯ ಸ್ಟಾಪ್ ಕಾಕ್ ಮುಚ್ಚಿ, ಒಂದು ಕೈಯಿಂದ ಕೊಳವೆಯನ್ನು ಬಿಗಿಯಾಗಿ ಹಿಡಿದು ಸ್ಪ್ಯಾನರ್‌ನಿಂದ ನಲ್ಲಿಯನ್ನು ಬಿಚ್ಚಬೇಕು. ಕೊಳವೆಯನ್ನು ಹಿಡಿಯದೆ ತಿರುಗಿಸಿದರೆ ಗೋಡೆಯೊಳಗಿನ ಅಥವಾ ನೆಲದೊಳಗಿನ ಜೋಡಣೆ ಒಡೆಯುವ ಸಂಭವವಿದೆ. ನೀರು ಬಂದಾಗ ಬರಿಯ ಕೊಳವೆಯಿಂದ ಬೀಳುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಅಳೆಯಬೇಕು. ಹರಿವು ಚೆನ್ನಾಗಿದ್ದರೆ ದೋಷ ನಲ್ಲಿಯದು; ಆಗಲೂ ಸಣ್ಣಗೆ ಬಂದರೆ ದೋಷ ಹಿಂದಿದೆ, ಹೊಸ ನಲ್ಲಿಗೆ ಹಣ ವ್ಯಯಿಸುವುದು ವ್ಯರ್ಥ.

ನಲ್ಲಿಯಲ್ಲಿ ದೋಷವಿದ್ದಾಗ: ಒಳಗಿನ ರಬ್ಬರ್ ವಾಷರ್ ಉಬ್ಬಿರುವುದು, ಹರಿದು ದಾರಿಗೆ ಅಡ್ಡವಾಗಿರುವುದು, ಮರಳು ಸೇರಿರುವುದು, ಸುಣ್ಣ ಕಟ್ಟಿರುವುದು ಸಾಮಾನ್ಯ. ವಾಷರ್ ಬದಲಾಯಿಸುವುದು ಅತಿ ಕಡಿಮೆ ವೆಚ್ಚದ ಕೆಲಸ. ಸುಣ್ಣ ಕಟ್ಟಿದ ಲೋಹದ ಭಾಗಗಳನ್ನು ನಿಂಬೆರಸ ಅಥವಾ ವಿನೆಗರ್‌ನಲ್ಲಿ ಕೆಲವು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆಯಬಹುದು. ಮರಳಿ ಜೋಡಿಸುವ ಮುನ್ನ ಕೊಳವೆಯಿಂದ ಸ್ವಲ್ಪ ನೀರು ಹರಿಯಬಿಟ್ಟು ಕಸವನ್ನು ಹೊರಹಾಕಬೇಕು. ಸುತ್ತುಗಳ ಮೇಲೆ ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿನಲ್ಲಿಯೇ ಸುತ್ತಬೇಕು. ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ತಿರುಗಿಸುವಾಗ ಅದು ಬಿಚ್ಚಿಕೊಳ್ಳುತ್ತದೆ.

ಕೊಳವೆಯಲ್ಲಿ ದೋಷವಿದ್ದಾಗ: ಹಳೆಯ ಜಿ.ಐ. ಕೊಳವೆಗಳಲ್ಲಿ ತುಕ್ಕು, ಗಡಸು ನೀರಿನ ಊರುಗಳಲ್ಲಿ ಸುಣ್ಣದ ಪೊರೆ ಒಳದಾರಿಯನ್ನು ಕಿರಿದಾಗಿಸುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಜಲಮೂಲವಿಲ್ಲದಿದ್ದಲ್ಲಿ 600ರವರೆಗೆ ಅನುಮತಿ ಇದೆ. ಒಳದಾರಿ ಸ್ವಲ್ಪ ಕಿರಿದಾದರೂ ಹರಿವು ಬಹಳ ಕುಗ್ಗುತ್ತದೆ ಎಂಬುದನ್ನು ಗಮನಿಸಬೇಕು: 15 ಮಿ.ಮೀ. ಕೊಳವೆಯ ಒಳದಾರಿ ಉದ್ದಕ್ಕೂ 10 ಮಿ.ಮೀ.ಗೆ ಇಳಿದರೆ, ಅದೇ ಒತ್ತಡದಲ್ಲಿ ಬರುವ ನೀರು ಮೂರನೆಯ ಒಂದು ಪಾಲಿನಷ್ಟಾಗುತ್ತದೆ. ಇಂತಹ ಕೊಳವೆಯನ್ನು ಬದಲಾಯಿಸುವುದೇ ಪರಿಹಾರ. ಪ್ಲಾಸ್ಟಿಕ್ ಕೊಳವೆಯಾದರೆ ಟ್ರ್ಯಾಕ್ಟರ್ ಚಕ್ರದಡಿ ಜಜ್ಜಿದೆಯೇ, ಮಡಿಕೆಯಾಗಿದೆಯೇ ಎಂದು ನೋಡಬೇಕು.

ಮೀಟರ್ ಇರುವಲ್ಲಿ ಅದರ ಪ್ರವೇಶದ ಜಾಲರಿಯಲ್ಲಿ ಮರಳು ಕಟ್ಟಿರುವ ಸಾಧ್ಯತೆ ಇದೆ. ಮೀಟರನ್ನೂ, ಬೀದಿಯ ಕೊಳವೆಗೆ ಕೂಡುವ ಫೆರೂಲನ್ನೂ ಪಂಚಾಯಿತಿಯ ಸಿಬ್ಬಂದಿಯೇ ಪರಿಶೀಲಿಸಬೇಕು, ಮನೆಯವರು ಮುಟ್ಟತಕ್ಕದ್ದಲ್ಲ. ಕೆಲವು ಸಂಪರ್ಕಗಳಲ್ಲಿ ಹರಿವು ನಿಯಂತ್ರಣ ವಾಲ್ವ್ ಅಳವಡಿಸಲಾಗಿದೆ. ಅದನ್ನು ಕಿತ್ತುಹಾಕಿದರೆ ಆ ಮನೆಗೆ ನೀರು ಹೆಚ್ಚುತ್ತದೆ, ನಿಜ. ಆದರೆ ಹೆಚ್ಚಿದ ನೀರು ಓಣಿಯ ಕೊನೆಯ ಮನೆಯ ಪಾಲಿನದು.

4. ಎತ್ತರದ ಲೆಕ್ಕ

ನೀರಿನ ಒತ್ತಡವು ಟ್ಯಾಂಕಿನ ನೀರಿನ ಮಟ್ಟಕ್ಕೂ ನಲ್ಲಿಯ ಮಟ್ಟಕ್ಕೂ ಇರುವ ಅಂತರವನ್ನು ಅವಲಂಬಿಸಿದೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ಕೊಡುತ್ತದೆ. ಟ್ಯಾಂಕಿನ ನೀರು ನೆಲದಿಂದ 12 ಮೀಟರ್ ಎತ್ತರದಲ್ಲಿದ್ದು, ಮನೆಯು ಟ್ಯಾಂಕಿನ ಬುಡಕ್ಕಿಂತ 6 ಮೀಟರ್ ಎತ್ತರದ ದಿಬ್ಬದ ಮೇಲಿದ್ದರೆ ಉಳಿಯುವುದು 6 ಮೀಟರ್ ಮಾತ್ರ. ಕೊಳವೆಯ ಘರ್ಷಣೆಯಿಂದ ಅದೂ ಕರಗುತ್ತದೆ. ಅಲ್ಲಿ ನಲ್ಲಿ ಬದಲಾಯಿಸಿ ಫಲವಿಲ್ಲ. ತಗ್ಗಿನ ಓಣಿಗಳಿಗೂ ದಿಬ್ಬದ ಓಣಿಗಳಿಗೂ ಬೇರೆ ಬೇರೆ ವೇಳೆಯಲ್ಲಿ ನೀರು ಬಿಡುವುದು, ಅಂಗಳದ ನಲ್ಲಿಯನ್ನು ಅನುಕೂಲವಿದ್ದಷ್ಟು ತಗ್ಗಿಸುವುದು ಅಥವಾ ಪ್ರತ್ಯೇಕ ಟ್ಯಾಂಕಿಗೆ ಪ್ರಸ್ತಾವ ಸಲ್ಲಿಸುವುದು ಪರಿಹಾರಗಳು.

5. ಒಂದು ಮಾದರಿ ಸಂದರ್ಭ

ಒಂದು ಓಣಿಯಲ್ಲಿ 12 ಮನೆಗಳಿವೆ ಎಂದುಕೊಳ್ಳೋಣ. ಕೊನೆಯ ಮನೆಯಲ್ಲಿ ಒಬ್ಬಂಟಿ ವೃದ್ಧೆಯೊಬ್ಬರಿದ್ದು, ಹೊಸ ನಲ್ಲಿ ಹಾಕಿಸಬೇಕೆಂದು ಸಾಲ ಕೇಳುತ್ತಿದ್ದಾರೆ. ಸದಸ್ಯರು ಬಕೆಟ್ ಹಿಡಿದು ಅಳೆದಾಗ, ಮೊದಲ ಏಳು ಮನೆಗಳಲ್ಲಿ ಮೂರು ನಿಮಿಷಕ್ಕೆ ಬಕೆಟ್ ತುಂಬಿತು. ಎಂಟನೆಯ ಮನೆಯಿಂದ ಎಂಟು ನಿಮಿಷ ಬೇಕಾಯಿತು. ಕೊನೆಯ ಮನೆಯಲ್ಲಿ ಹನ್ನೆರಡು. ಏಳು ಮತ್ತು ಎಂಟನೆಯ ಮನೆಗಳ ನಡುವೆ ನೋಡಿದಾಗ, ಬೇಸಿಗೆಯಲ್ಲಿಯೂ ಚರಂಡಿಯ ಪಕ್ಕ ಹಸಿರು ಹುಲ್ಲು ಬೆಳೆದಿತ್ತು. ಅಗೆದಾಗ ಕೊಳವೆಯ ಜೋಡಣೆ ಸೋರುತ್ತಿರುವುದು ಕಂಡುಬಂತು. ದುರಸ್ತಿಯ ಬಳಿಕ ಹನ್ನೊಂದನೆಯ ಮನೆಯವರೆಗೆ ಮೂರು ನಿಮಿಷವಾಯಿತು. ವೃದ್ಧೆಯ ಮನೆಯಲ್ಲಿ ಆರು. ಆಗ ನಲ್ಲಿಯನ್ನು ಬಿಚ್ಚಿ ಉಬ್ಬಿದ ವಾಷರನ್ನು ಬದಲಾಯಿಸಲಾಗಿ ಅಲ್ಲಿಯೂ ಹರಿವು ಸರಿಹೋಯಿತು.

ಇಲ್ಲಿ ದೋಷಗಳು ಎರಡಿದ್ದವು. ಮೊದಲೇ ಹೊಸ ನಲ್ಲಿ ಹಾಕಿಸಿದ್ದರೆ ಆಕೆಯ ಹಣ ಹೋಗುತ್ತಿತ್ತು, ನೀರು ಬರುತ್ತಿರಲಿಲ್ಲ. ಸೋರಿಕೆಯೂ ಚರಂಡಿಯ ಪಕ್ಕ ಹಾಗೆಯೇ ಉಳಿಯುತ್ತಿತ್ತು.

6. ಹರಿವು ಕುಗ್ಗುವುದು ರೋಗದ ಮುನ್ಸೂಚನೆಯೂ ಹೌದು

ನೀರು ಬಿಟ್ಟಾಗ ಸೋರುವ ಕೊಳವೆಯೇ, ನೀರು ನಿಂತಾಗ ಸುತ್ತಲಿನ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಬೀದಿಯ ಕೊಳವೆಗೆ ನೇರವಾಗಿ ಮೋಟಾರ್ ಜೋಡಿಸಿ ಎಳೆಯುವಾಗ ಈ ಅಪಾಯ ಇನ್ನೂ ಹೆಚ್ಚು. ಹೀಗೆ ಸೇರಿದ ಚರಂಡಿಯ ನೀರಿನಿಂದ ವಾಂತಿಭೇದಿ, ಕಾಲರಾ, ವಿಷಮಶೀತ ಜ್ವರ, ಕಾಮಾಲೆ ಹರಡಬಲ್ಲವು. ಹರಿವು ಕುಗ್ಗಿದ ಜೊತೆಗೆ ನೀರು ಕದಡಿದ್ದರೆ ಅಥವಾ ವಾಸನೆ ಬರುತ್ತಿದ್ದರೆ ಅದನ್ನು ತುರ್ತು ದೂರೆಂದು ಪರಿಗಣಿಸಬೇಕು: ಕುಡಿಯುವ ನೀರನ್ನು ಕುದಿಸಿ ಆರಿಸಿ ಬಳಸುವಂತೆ ಆ ಓಣಿಯ ಎಲ್ಲ ಮನೆಗಳಿಗೂ ಅಂದೇ ತಿಳಿಸಿ, ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ನೀರನ್ನು ಪರೀಕ್ಷಿಸಿ, ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಬೇಕು.

ಮೋಟಾರ್ ಹಾಕಿದವರೊಡನೆ ವ್ಯವಹರಿಸುವಾಗ ಕಾರಣವನ್ನೂ ಕೇಳಬೇಕು. ತನ್ನ ಮನೆಗೆ ನೀರು ಏರದೆ ಹಾಕಿದವರಿರುತ್ತಾರೆ. ತೋಟಕ್ಕೆ ಹಾಯಿಸಲು ಹಾಕಿದವರೂ ಇರುತ್ತಾರೆ. ಮೊದಲನೆಯವರಿಗೆ ವೇಳಾಪಟ್ಟಿಯ ಬದಲಾವಣೆ ಪರಿಹಾರ, ಎರಡನೆಯವರಿಗೆ ನೋಟಿಸು. ನಿಯಮ ಸದಸ್ಯರ ಮನೆಯಿಂದಲೇ ಆರಂಭವಾಗಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

7. ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ಪ್ರತಿ ದೂರನ್ನೂ ದಿನಾಂಕ, ಅಳತೆ, ಕಾರಣ, ಕ್ರಮ ಎಂಬ ನಾಲ್ಕು ಕಲಂಗಳೊಂದಿಗೆ ವಹಿಯಲ್ಲಿ ದಾಖಲಿಸುವಂತೆ ನೋಡಿಕೊಳ್ಳುವುದು.
2. ಬೀದಿಯ ಕೊಳವೆಯ ದೋಷವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ಲಿಖಿತವಾಗಿ ತಿಳಿಸುವುದು. ಒತ್ತಡ ಅಥವಾ ವಿನ್ಯಾಸದ ದೋಷವಿದ್ದಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಉಪವಿಭಾಗದ ಅಭಿಯಂತರರ ಪರಿಶೀಲನೆ ಕೋರುವುದು.
3. ವಾಷರ್, ಟೆಫ್ಲಾನ್ ಟೇಪ್, ಜೋಡಣೆಯ ಸಾಮಗ್ರಿಗಳನ್ನು ಪಂಚಾಯಿತಿಯಲ್ಲಿ ಸದಾ ಸಂಗ್ರಹದಲ್ಲಿಡಲು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ವಿಷಯ ಮಂಡಿಸುವುದು.
4. ದುರಸ್ತಿಯ ನಂತರ ಮತ್ತೆ ಬಕೆಟ್ ಹಿಡಿದು ಅಳೆಯುವುದು. ಅಳತೆ ಸುಧಾರಿಸದ ಹೊರತು ದೂರು ಮುಕ್ತಾಯವಾಯಿತೆಂದು ಬರೆಯಬಾರದು.

ಮುಂದಿನ ಸಭೆಯ ವೇಳೆಗೆ ಅಭ್ಯಾಸ

ಅ) ತಮ್ಮ ವಾರ್ಡಿನ ಒಂದು ಓಣಿಯ ಮೊದಲ, ನಡುವಣ ಮತ್ತು ಕೊನೆಯ ಮನೆಗಳಲ್ಲಿ ಬಕೆಟ್ ಅಳತೆ ಮಾಡಿ ಬರೆದು ತನ್ನಿರಿ.
ಆ) ಕೊನೆಯ ಮನೆಯ ಕುಟುಂಬಕ್ಕೆ ದಿನಕ್ಕೆ ತಲಾ ಎಷ್ಟು ಲೀಟರ್ ದೊರೆಯುತ್ತಿದೆ ಎಂದು ಲೆಕ್ಕ ಹಾಕಿರಿ. ಅದು 55ಕ್ಕಿಂತ ಕಡಿಮೆಯಿದ್ದರೆ ಕಾರಣವೇನು?
ಇ) ಚರಂಡಿಯೊಳಗಿಂದ ಅಥವಾ ಚರಂಡಿಗೆ ತಾಗಿ ಹಾದುಹೋಗುವ ಕೊಳವೆಗಳನ್ನು ಪಟ್ಟಿ ಮಾಡಿರಿ.

ಊರಿನ ನೀರು ಸರಬರಾಜು ಹೇಗಿದೆ ಎಂಬುದನ್ನು ಟ್ಯಾಂಕಿನ ಬಳಿ ನಿಂತು ತಿಳಿಯಲಾಗದು. ಓಣಿಯ ಕೊನೆಯ ಅಂಗಳದಲ್ಲಿ ಬಕೆಟ್ ಹಿಡಿದು ನಿಂತಾಗಲೇ ಅದು ತಿಳಿಯುತ್ತದೆ. ಪರಿಶೀಲನೆ ಅಲ್ಲಿಂದಲೇ ಆರಂಭವಾಗಲಿ.