ಮಂದಿ ಪುಸ್ತಕ, ನಮ್ಮ ಪೆನ್ಸಿಲ್ಲು

ಸತ್ತೂರದಲ್ಲಿ ಚಿಗರಿ ಬಸ್ ಹತ್ತಿದರೆ ಧಾರವಾಡದ ಜ್ಯುಬಿಲಿ ಸರ್ಕಲ್ ಬರುವಷ್ಟರಲ್ಲಿ ಒಂದು ಸಣ್ಣಕಥೆ ಮುಗಿಯುತ್ತದೆ. ಸೀಟು ಸಿಕ್ಕರೆ. ಸಿಗದಿದ್ದರೆ ನವಲೂರಿನ ತನಕ ಅರ್ಧ ಕಥೆ, ಆಮೇಲೆ ಬರೀ ಮಂದಿಯ ಮೊಣಕೈ. ನನ್ನ ಓದೆಲ್ಲ ಹೆಚ್ಚುಕಡಿಮೆ ಈ ಹಾದಿಯಲ್ಲೇ ಆದದ್ದು. ಹೊಸದಾಗಿ ಬರೆಯುವ ಹುಡುಗರು ಪಕ್ಕಕ್ಕೆ ಕೂತು ಕೇಳುತ್ತಾರೆ: “ಸರ, ಮಂದೀದು ಭಾಳ ಓದಿದ್ರ ನಮ್ಮ ದನಿ ಕೆಡ್ತದೇನ್ರಿ?” ಕೆಡುವುದಿಲ್ಲ. ಆದರೆ ಸುಮ್ಮನೆ ಓದಿಕೊಂಡು ಹೋದರೆ ಬೆಳೆಯುವುದೂ ಇಲ್ಲ. ಓದಿದ್ದು ಕೈಗೊಂದು ಕೆಲಸ ಹಚ್ಚಬೇಕು. ನನಗೆ ಒಗ್ಗಿದ ಕೆಲವು ಸೂತ್ರ ಇಲ್ಲಿವೆ.

1. ಎರಡು ಸಲ ಓದಿ. ಮೊದಲ ಸಲ ಊಟಕ್ಕೆ ಬಂದವರ ಹಾಗೆ, ಎರಡನೇ ಸಲ ಅಡುಗೆಮನೆ ಹೊಕ್ಕು ಒಗ್ಗರಣೆ ಯಾವಾಗ ಬಿತ್ತು ಎಂದು ನೋಡುವವರ ಹಾಗೆ. ಒಂದೇ ಸಲ ಓದಿದವನಿಗೆ ರುಚಿ ಗೊತ್ತಿರುತ್ತದೆ, ಅಡುಗೆ ಬರುವುದಿಲ್ಲ.

2. ಪೆನ್ಸಿಲ್ ಹಿಡಿದು ಒಂದೇ ಸಂಗತಿ ಹುಡುಕಿ. ನನ್ನ ಮೊದಮೊದಲ ಕಥೆಗಳಲ್ಲಿ ಯಾರು ಬಾಯಿ ಬಿಟ್ಟರೂ ಹಿಂದೆಯೇ ಒಂದು ‘ಎಂದನು’, ‘ನುಡಿದಳು’, ‘ಉತ್ತರಿಸಿದನು’. ಒಂದು ಕಥೆಯಲ್ಲಿ ಎಣಿಸಿದೆ: ನಾಲ್ಕು ಪುಟಕ್ಕೆ 41. ಆಮೇಲೆ ಬೇರೆಯವರ ಕಥೆ ಓದುವಾಗ ಬರೀ ಇದಕ್ಕೇ ಗೆರೆ ಎಳೆಯುತ್ತ ಹೋದೆ. ಕಸುಬು ಬಲ್ಲವರಲ್ಲಿ ಗೆರೆಗಳೇ ಕಡಿಮೆ. “ಯಾಕೋ ತಮ್ಮಾ, ಉಣ್ಣಂಗಿಲ್ಲೇನ?” ಎಂದು ಬರೆದ ಮೇಲೆ ಅದು ಅವ್ವನೋ ಅಕ್ಕನೋ ಎಂದು ಹೇಳಬೇಕಾದರೂ ಯಾಕೆ? ‘ತಮ್ಮಾ’ ಎನ್ನುವುದರಲ್ಲಿಯೇ ವಯಸ್ಸು, ಸಲಿಗೆ, ಊರು ಮೂರೂ ಇವೆ. ಆ ಕಥೆಯಲ್ಲಿ 41 ಹೋಗಿ 6 ಉಳಿದವು.

3. ವಿಮರ್ಶೆ ಓದಿ, ಅದರಲ್ಲೂ ‘ಇಲ್ಲ’ ಎಂಬ ಮಾತನ್ನು ಹುಡುಕಿ. ಇದಕ್ಕೆ ಧಾರವಾಡದಷ್ಟು ದೊಡ್ಡ ಸಾಕ್ಷಿ ಬೇರೆ ಊರಲ್ಲಿ ಸಿಗಲಿಕ್ಕಿಲ್ಲ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಸುಭಾಸ ರಸ್ತೆಯಲ್ಲಿದೆ. ಬರೆಯುವವರೆಲ್ಲ ಹತ್ತಿ ಇಳಿದ ಅದರ ಜಾಗಕ್ಕೆ ಇಂದಿಗೂ ‘ಅಟ್ಟ’ ಎಂದೇ ಹೆಸರು. ಗ್ರಂಥಮಾಲೆ 1959ರಲ್ಲಿ ತಂದ ‘ನಡೆದು ಬಂದ ದಾರಿ’ಯಲ್ಲಿ ಕೀರ್ತಿನಾಥ ಕುರ್ತಕೋಟಿಯವರು ಕನ್ನಡ ಸಾಹಿತ್ಯದ ಲೆಕ್ಕ ತೆಗೆಯುತ್ತ ಒಂದು ಕೊರತೆ ಎತ್ತಿದರು: ಇತಿಹಾಸವನ್ನು ಬುದ್ಧಿಯಿಂದ ಬಳಸಿಕೊಂಡು ಇವತ್ತಿನ ಮಾತನಾಡುವ ನಾಟಕ ನಮ್ಮಲ್ಲಿಲ್ಲ. ನೂರು ಜನ ಅದನ್ನು ಓದಿ ತಲೆಯಾಡಿಸಿರಬೇಕು. ಗಿರೀಶ ಕಾರ್ನಾಡರು ತಲೆಯಾಡಿಸಿ ಬಿಡಲಿಲ್ಲ. ಭಾರತದ ಇತಿಹಾಸವನ್ನು ಮೊದಲಿಂದ ಓದುತ್ತ ಹೊರಟರು, ಓದಿ ಓದಿ ಮಹಮ್ಮದ್ ಬಿನ್ ತುಘಲಕ್‌ನ ಹತ್ತಿರ ಬಂದು ನಿಂತರು. 1964ಕ್ಕೆ ‘ತುಘಲಕ್’ ಬಂತು. ಅದಕ್ಕೂ ಮೊದಲಿನ ‘ಯಯಾತಿ’ಯ ಹಿಂದೆಯೂ ಓದೇ ಇದೆ. ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಹುಡುಗನ ಕೈಗೆ ರಾಜಾಜಿಯವರ ಮಹಾಭಾರತ ಸಿಕ್ಕು, ಬರೆದದ್ದು ಕನ್ನಡ ನಾಟಕವಾಯಿತು. 1961ರಲ್ಲಿ ಅದನ್ನು ಅಚ್ಚು ಹಾಕಿದವರೂ ಅಟ್ಟದವರೇ.

ಹಾಗಾಗಿ ನನ್ನ ನೋಟ್‌ಬುಕ್ಕಿನ ಕಡೆಯ ಪುಟದಲ್ಲಿ ‘ಇಲ್ಲ’ಗಳ ಪಟ್ಟಿಯೊಂದಿದೆ. ಹುಬ್ಬಳ್ಳಿ–ಧಾರವಾಡದ ನಡುವೆ ದಿನಾ ಓಡಾಡುವ ನರ್ಸ್‌ಗಳ ರಾತ್ರಿಪಾಳಿ ಯಾವ ಕಥೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸತ್ತೂರದ ಎಸ್‌ಡಿಎಂ ಆಸ್ಪತ್ರೆ ಎದುರು ಬೆಳಗಿನ ಜಾವ ಬಸ್ ಕಾಯುತ್ತ ನಿಂತೇ ತೂಕಡಿಸುವವರನ್ನು ನೋಡಿದಾಗೆಲ್ಲ ಆ ಸಾಲಿನ ಕೆಳಗೆ ಇನ್ನೊಂದು ಗೆರೆ ಎಳೆಯುತ್ತೇನೆ. ಯಾರಾದರೂ ಬರೆಯಿರಿ, ಇಲ್ಲವಾದರೆ ನಾನೇ ಬರೆಯುತ್ತೇನೆ.

4. ಒಂದೇ ಕಥೆಯನ್ನು ಮೂರು ಕೈಯಲ್ಲಿ ಓದಿ. ಗಂಡನ ತಲೆ ಇನ್ನೊಬ್ಬನ ಮೈಗೆ ಅದಲುಬದಲಾದ ಬೇತಾಳನ ಕಥೆ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿದೆ. ಅಲ್ಲಿ ಅದು ಒಗಟು, ತಲೆಯೇ ದೊಡ್ಡದು ಎಂಬ ಉತ್ತರದೊಂದಿಗೆ ಮುಗಿಯುತ್ತದೆ. ಜರ್ಮನಿಯ ಥಾಮಸ್ ಮಾನ್ 1940ರ ಕಿರುಕಾದಂಬರಿಯಲ್ಲಿ ಆ ಉತ್ತರವನ್ನೇ ಗೇಲಿ ಮಾಡಿದ. ಅವನನ್ನು ಓದಿದ ಕಾರ್ನಾಡರು 1971ರ ‘ಹಯವದನ’ಕ್ಕೆ ಕುದುರೆ ತಲೆಯ ಮನುಷ್ಯನನ್ನು ತಂದು ಸೇರಿಸಿದರು. ಮೂರನ್ನೂ ಒಟ್ಟಿಗಿಟ್ಟು ಓದಿದವರಿಗೆ ‘ಸ್ವಂತದ್ದು’ ಎಂಬ ಶಬ್ದದ ಬಗ್ಗೆ ಅಂಜಿಕೆ ಅರ್ಧ ಹೋಗುತ್ತದೆ.

5. ಅನುವಾದ ಮಾಡಿ, ಅಚ್ಚಾಗದಿದ್ದರೂ. ಅನುವಾದಿಸುವಾಗ ಒಂದು ಅಲ್ಪವಿರಾಮವನ್ನೂ ಹಾರಿಸಿ ಓದಲಾಗುವುದಿಲ್ಲ. ಗಳಗನಾಥರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಕನ್ನಡದ ಓದುಗರನ್ನು ಬೆಳೆಸುತ್ತ ತಮ್ಮದೇ ‘ಮಾಧವ ಕರುಣಾ ವಿಲಾಸ’ವನ್ನೂ ಬರೆದರು. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾದ ಮೇಲೆ ಕನ್ನಡ ಕವಿತೆಯ ನಡಿಗೆಯೇ ಬದಲಾಯಿತು. ನಮ್ಮ ಭಾಗದವರಿಗೆ ಮರಾಠಿ ಕಿವಿಗೆ ಬಿದ್ದೇ ಇರುತ್ತದೆ. ವಾರಕ್ಕೊಂದು ಪುಟ ಸಾಕು.

6. ನಿಮ್ಮದಲ್ಲದ ಕನ್ನಡ ಓದಿ. ದೇವನೂರ ಮಹಾದೇವರ ‘ಕುಸುಮಬಾಲೆ’ ಕೈಗೆ ಬಂದಾಗ ಮೊದಲ ಪುಟವೇ ದಾಟಲಿಲ್ಲ. ಜೋರಾಗಿ ಓದಿದೆ, ದಾಟಿತು. ಅಲ್ಲಿಯವರೆಗೆ ಆಡುಮಾತು ಪಾತ್ರಗಳ ಬಾಯಿಗಷ್ಟೇ, ಕಥೆ ಹೇಳುವವನು ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡೇ ಇರಬೇಕು ಎಂದುಕೊಂಡಿದ್ದೆ. ನಂಜನಗೂಡು ಸೀಮೆಯ ಮಾತು ಇಡೀ ನಿರೂಪಣೆಯನ್ನೇ ಹೊತ್ತು ನಡೆಯಿತೆಂದರೆ ನಮ್ಮ ಮಾತು ಯಾಕೆ ಹೊರಲಾರದು? (ಬಸ್ಸಿನಲ್ಲಿ ಮಾತ್ರ ಜೋರಾಗಿ ಓದಬೇಡಿ.)

7. ಹಿಡಿಸದ ಪುಸ್ತಕವನ್ನು 50 ಪುಟಕ್ಕೆ ಬಿಡಿ. ಬಿಡುವ ಮುಂಚೆ ಯಾಕೆ ಹಿಡಿಸಲಿಲ್ಲ ಎಂದು ಒಂದು ಸಾಲು ಬರೆದಿಡಿ. ಎರಡು ವರ್ಷ ಬಿಟ್ಟು ನೋಡಿದರೆ ಅರ್ಧಕ್ಕರ್ಧ ದೂರುಗಳು ನಿಮ್ಮ ಬರಹಕ್ಕೇ ಸಲ್ಲುತ್ತವೆ.

8. ಬೇಂದ್ರೆಯವರನ್ನು ಓದಿದ ವಾರ ಕವಿತೆ ಬರೆಯಬೇಡಿ. ದನಿ ಕೆಡುವುದಿಲ್ಲ ಎಂದೆನಲ್ಲ, ಒಬ್ಬರನ್ನೇ ಓದಿದರೆ ಕೆಡುತ್ತದೆ. ಆ ನಾದ ಕಿವಿಯಲ್ಲಿರುವಾಗ ಬರೆದದ್ದೆಲ್ಲ ಸಾಧನಕೇರಿಯಿಂದ ಬಂದಿರುತ್ತದೆ, ಸತ್ತೂರದಿಂದಲ್ಲ. ಮದ್ದು ಓದು ಬಿಡುವುದಲ್ಲ, ಎದುರು ದಿಕ್ಕಿನವರನ್ನು ಓದುವುದು. ಬೇಂದ್ರೆಯ ಮೇಲೆ ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ ಓದಿ. 1969ರಲ್ಲಿ ಅದೇ ಗ್ರಂಥಮಾಲೆ ತಂದ ಪುಸ್ತಕ, ದನಿ ಮಾತ್ರ ತಗ್ಗು, ಒಣ, ಓರೆ. ಎರಡರ ನಡುವೆ ಎಲ್ಲೋ ನಮಗೆ ಕೂಡಲು ಜಾಗ ಸಿಗುತ್ತದೆ.

ನನಗೆ ಇದು ತಡವಾಗಿ ತಿಳಿಯಿತು. ಒಂದು ವರ್ಷ ಬೇಂದ್ರೆಯವರ ಗುಂಗಿನಲ್ಲಿ ನಲವತ್ತು ಕವಿತೆ ಹೊಸೆದು ಒಬ್ಬ ಸಂಪಾದಕರ ಮುಂದೆ ಇಟ್ಟಿದ್ದೆ. ಅವರು ಪುಟ ತಿರುವಿ, ಕನ್ನಡಕ ಮೇಲೇರಿಸಿ ಕೇಳಿದರು: “ಚೊಲೋ ಅವ. ಬರದವ್ರು ಯಾರ್ರೀ?”